ಕಡಲು ಬಣ್ಣ ಬದಲಿಸಿದಾಗ ಮೀನು ತಿನ್ನಬಹುದಾ, ಮರುವಾಯಿ ಚಿಪ್ಪು ತಿನ್ನಬಹುದಾ?

ಮಳೆಗಾಲ ಮುಗಿಯುವ ಹೊತ್ತಿಗೆ ಕರಾವಳಿಯಿಂದ ಬರುವ ಪತ್ರಗಳಲ್ಲಿ ಕಡಲಿನ ಬಣ್ಣದ ಮಾತು ಇದ್ದೇ ಇರುತ್ತದೆ. ಈ ಸಲ ಘಟ್ಟದ ಮೇಲಿನಿಂದಲೂ ಗಲ್ಫಿನಿಂದಲೂ ಪ್ರಶ್ನೆ ಬಂದಿವೆ. ಎಲ್ಲವೂ ಸುತ್ತಿ ಬಳಸಿ ಕಡಲಿನ ಪಾಚಿಗೇ ಬಂದು ನಿಲ್ಲುತ್ತವೆ. ಹಾಗಾಗಿ ಈ ಸಂಚಿಕೆಯ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ನಮ್ಮಲ್ಲಿ ಹಗಲು ನೀರು ಹಸಿರು, ಒಮ್ಮೊಮ್ಮೆ ಕಂದು. ರಾತ್ರಿ ಅಲೆ ಒಡೆದಾಗ ನೀಲಿ ಬೆಳಕು. ಯಾವುದೋ ಕಾರ್ಖಾನೆ ಕೆಮಿಕಲ್ ಬಿಟ್ಟಿದೆ, ಒಂದು ತಿಂಗಳು ಮೀನು ಮುಟ್ಟಬೇಡಿ ಅಂತ ವಾಟ್ಸಾಪ್‌ನಲ್ಲಿ ಓಡಾಡ್ತಾ ಇದೆ. ಮೀನು ಮಾರುವ ಹೆಂಗಸರು ಬುಟ್ಟಿ ಹಾಗೇ ವಾಪಸ್ ತರುತ್ತಿದ್ದಾರೆ. ನಿಜ ಏನು?
– ಓದುಗರು, ಮಲ್ಪೆ

ಉತ್ತರ: ರಾತ್ರಿ ನೀಲಿ ಬೆಳಕು ಕಂಡರೆ ಅದು ಬಹುಮಟ್ಟಿಗೆ ನಾಕ್ಟಿಲ್ಯೂಕಾ ಎಂಬ ಪಾಚಿಯಂಥ ಜೀವಿ. ಇಡೀ ದೇಹ ಒಂದೇ ಕೋಶ, ಆದರೂ ಗಾಜಿನ ಲೋಟದಲ್ಲಿ ನೀರು ತುಂಬಿ ಬೆಳಕಿಗೆ ಹಿಡಿದರೆ ಸಣ್ಣ ಚುಕ್ಕಿಗಳಾಗಿ ಬರಿಗಣ್ಣಿಗೇ ಕಾಣುತ್ತದೆ. ಅಲೆ ಬಡಿದರೆ, ದೋಣಿ ಹಾಯ್ದರೆ, ಕಾಲಿಟ್ಟರೆ ಅದರೊಳಗೇ ಬೆಳಕು ಹುಟ್ಟುತ್ತದೆ. 2019ರ ಆಗಸ್ಟ್‌ನಲ್ಲಿ ಚೆನ್ನೈನ ತೀರದಲ್ಲಿ ಜನ ಸೇರಿ ನೋಡಿದ್ದೂ ಇಂಥದ್ದೇ ಬೆಳಕು. ಕಾರ್ಖಾನೆಯ ಕೆಮಿಕಲ್‌ಗೂ ಇದಕ್ಕೂ ಸಂಬಂಧ ಇಲ್ಲ.

ನಾಕ್ಟಿಲ್ಯೂಕಾ ಮನುಷ್ಯರಿಗೆ ವಿಷ ಅಲ್ಲ. ಮೀನಿಗೆ ಮಾತ್ರ ಕಷ್ಟ. ಅದರ ಮೈಯಲ್ಲಿ ಅಮೋನಿಯಾ ತುಂಬಿರುತ್ತದೆ, ಜೊತೆಗೆ ಅದು ರಾಶಿ ರಾಶಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಖಾಲಿಯಾಗುತ್ತದೆ. 2019ರಲ್ಲೇ ಮನ್ನಾರ್ ಕೊಲ್ಲಿಯ ಮಂಟಪಂ ಹತ್ತಿರ ಹೀಗಾಗಿ ಮೀನುಗಳು ಸತ್ತು ದಡಕ್ಕೆ ಬಂದವು. ಈಜಬಲ್ಲ ಮೀನು ಆ ನೀರು ಬಿಟ್ಟು ದೂರ ಹೋಗುತ್ತದೆ. ಪಂಜರದಲ್ಲಿ ಸಾಕಿದ ಮೀನಿಗೆ ಆ ದಾರಿ ಇಲ್ಲ.

ಅಂದರೆ ದೋಣಿಯಿಂದ ಇಳಿದ ತಾಜಾ ಬಂಗುಡೆ, ಬೂತಾಯಿ ಕೊಳ್ಳಲು ಹೆದರಬೇಡಿ. ಕಿವಿರು, ಕರುಳು ತೆಗೆದು ಚೆನ್ನಾಗಿ ತೊಳೆದು ಅಡುಗೆ ಮಾಡಿ. ತಾನಾಗಿ ಸತ್ತು ತೇಲಿ ಬಂದ ಮೀನನ್ನು ಮಾತ್ರ ಯಾರೂ ಹೆಕ್ಕಬಾರದು, ಒಣಗಿಸಿ ಮಾರುವುದೂ ಬೇಡ. ಬಣ್ಣ ಇರುವ ನೀರಿಗೆ ಮಕ್ಕಳನ್ನು ಇಳಿಸಬೇಡಿ, ಕೆಲವರಿಗೆ ಮೈ ತುರಿಸುತ್ತದೆ.

ಇನ್ನೊಂದು ವಿಷಯ. ಪಾಚಿ ಹಬ್ಬುವುದೇ ಕೆಟ್ಟದ್ದು ಅಂತ ಅಂದುಕೊಳ್ಳಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಮೇಲಿನ ನೀರು ಆಳ ಕಡಲಿನ ಕಡೆ ಸರಿಯುತ್ತದೆ, ಅದರ ಜಾಗಕ್ಕೆ ತಳದಿಂದ ತಣ್ಣನೆಯ ನೀರು ಏರಿ ಬರುತ್ತದೆ. ಆ ನೀರಿನಲ್ಲಿ ಸಾರಜನಕ, ರಂಜಕ, ಸಿಲಿಕ ಎಲ್ಲ ಧಾರಾಳ. ಡಯಾಟಮ್ ಎಂಬ ಸಣ್ಣ ಪಾಚಿ ಅದನ್ನು ಉಂಡು ಬೆಳೆಯುತ್ತದೆ, ಬೂತಾಯಿ ಆ ಪಾಚಿಯನ್ನು ತಿಂದು ಕೊಬ್ಬುತ್ತದೆ. ನಮ್ಮ ಕರಾವಳಿಯ ಊಟ ನಿಂತಿರುವುದೇ ಈ ಪಾಚಿಯ ಮೇಲೆ. ಮೇಲೆ ಬರುವ ಆ ನೀರಿನಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ತಳದ ಮೀನು ಉಸಿರುಕಟ್ಟಿ ಸಾಯುವುದೂ ಉಂಟು. ಇದೂ ಮನುಷ್ಯರ ಕೈವಾಡ ಇಲ್ಲದೆಯೇ ಹಿಂದಿನಿಂದ ನಡೆದು ಬಂದದ್ದು.

ಪ್ರಶ್ನೆ: ನಾವು ಹೊಳೆಯಿಂದ ತೆಗೆದ ಮರುವಾಯಿ ವಾರಕ್ಕೊಮ್ಮೆಯಾದರೂ ತಿನ್ನುವವರು. ಪಾಚಿ ವಿಷ ಅಂತ ಮಗಳು ಎಲ್ಲೋ ಓದಿ ಬೇಡ ಅನ್ನುತ್ತಾಳೆ. ಚೆನ್ನಾಗಿ ಬೇಯಿಸಿದರೆ, ಬೆಳ್ಳುಳ್ಳಿ ಹುಳಿ ಹಾಕಿದರೆ ಏನೂ ಆಗುವುದಿಲ್ಲ ಅಂತ ನಮ್ಮ ಅತ್ತೆ. ಯಾರ ಮಾತು ಕೇಳಲಿ?
– ಗೃಹಿಣಿ, ಮಂಗಳೂರು

ಉತ್ತರ: ಬೇಯಿಸುವ ವಿಷಯದಲ್ಲಿ ಮಗಳ ಮಾತೇ ಸರಿ, ಅಮ್ಮ. ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಜೀವಕ್ಕೆ ಸಂಬಂಧಪಟ್ಟದ್ದು ಇದೊಂದೇ.

ಮರುವಾಯಿ, ಪಚ್ಚಿಲೆ, ಕಲ್ಗದಂಥ ಚಿಪ್ಪಿನ ಜೀವಿಗಳು ನೀರನ್ನು ಒಳಗೆಳೆದು ಸೋಸಿ ಅದರಲ್ಲಿರುವ ಪಾಚಿಯನ್ನು ತಿನ್ನುತ್ತವೆ. ಕೆಲವು ಜಾತಿಯ ಪಾಚಿಗಳಲ್ಲಿ ಸ್ಯಾಕ್ಸಿಟಾಕ್ಸಿನ್ ಎಂಬ ವಿಷ ಇರುತ್ತದೆ. ಚಿಪ್ಪಿಗೆ ಅದರಿಂದ ಹೆಚ್ಚೇನೂ ಆಗುವುದಿಲ್ಲ, ಅದು ಆರಾಮಾಗಿ ಬದುಕಿರುತ್ತದೆ, ವಿಷ ಮಾತ್ರ ಮಾಂಸದಲ್ಲಿ ಸೇರುತ್ತಾ ಹೋಗುತ್ತದೆ. ತಿಂದವರ ನರಗಳನ್ನು ಅದು ಹಿಡಿಯುತ್ತದೆ. ಕುದಿಸಿದರೂ ಹೋಗುವುದಿಲ್ಲ, ಹುರಿದರೂ ಹೋಗುವುದಿಲ್ಲ. ಬೆಳ್ಳುಳ್ಳಿ, ಹುಣಸೆಹುಳಿ, ಅರಿಶಿನ ಯಾವುದಕ್ಕೂ ಜಗ್ಗದು. ವಾಸನೆ ಇಲ್ಲ, ರುಚಿಯಲ್ಲೂ ಗೊತ್ತಾಗದು. ಬಾಯಿ ಬಿಡದ ಚಿಪ್ಪು ಎಸೆಯುವ ಅಭ್ಯಾಸ ಒಳ್ಳೆಯದೇ, ಆದರೆ ಅದು ಮೊದಲೇ ಸತ್ತದ್ದನ್ನು ಬೇರೆ ಮಾಡಲಿಕ್ಕೆ, ಈ ವಿಷ ಕಂಡುಹಿಡಿಯಲಿಕ್ಕೆ ಅಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು, ನೀರಿನ ಬಣ್ಣ ನೋಡಿ ಏನೂ ಹೇಳಲಾಗದು. ನೀಲಿ ಬೆಳಕು ಚೆಲ್ಲುವ ನಾಕ್ಟಿಲ್ಯೂಕಾ ನೋಡಲಿಕ್ಕೆ ಭಯ ಹುಟ್ಟಿಸುತ್ತದೆ, ಆದರೆ ವಿಷ ಇಲ್ಲ. ಸ್ಯಾಕ್ಸಿಟಾಕ್ಸಿನ್ ಇರುವ ಪಾಚಿ ಬಣ್ಣ ಬದಲಾಗುವಷ್ಟು ಬೆಳೆಯುವ ಮೊದಲೇ ಚಿಪ್ಪಿನಲ್ಲಿ ಅಪಾಯದ ಮಟ್ಟಕ್ಕೆ ವಿಷ ಸೇರಿರಬಹುದು.

ಇದು ದೂರದ ಕಥೆ ಅಲ್ಲ. 1983ರಲ್ಲಿ ನಿಮ್ಮ ಪಕ್ಕದ ಕುಂಬಳೆಯ ಅಳಿವೆಯಿಂದ ತೆಗೆದ ಮರುವಾಯಿ ತಿಂದು ಒಬ್ಬ ಹುಡುಗ ತೀರಿಕೊಂಡ, ಹಲವರು ಆಸ್ಪತ್ರೆ ಸೇರಿದರು. ಆಮೇಲೆ 1997ರ ಸೆಪ್ಟೆಂಬರ್‌ನಲ್ಲಿ ಕೇರಳದ ವಿಳಿಂಜಂನಲ್ಲಿ ಪಚ್ಚಿಲೆ ತಿಂದ 7 ಜನ ಸತ್ತರು, ಸುಮಾರು 500 ಜನ ಆಸ್ಪತ್ರೆಗೆ ಹೋಗಬೇಕಾಯಿತು. ಎರಡೂ ಸಲ ಜನ ತಿಂದದ್ದು ಎಂದಿನಂತೆ ಎಂದಿನ ಜಾಗದಿಂದ ತಂದ ಚಿಪ್ಪನ್ನೇ.

ತಿಂದ ಅರ್ಧ ಗಂಟೆಯಿಂದ ಒಂದೆರಡು ಗಂಟೆಯೊಳಗೆ ತುಟಿ, ನಾಲಿಗೆ ಜುಮ್ಮೆನ್ನತೊಡಗುತ್ತದೆ. ಆಮೇಲೆ ಮುಖ, ಬೆರಳ ತುದಿ. ಮಾತು ತೊದಲುತ್ತದೆ, ಕೈಕಾಲು ಬಲ ಕಳೆದುಕೊಳ್ಳುತ್ತವೆ. ಹೆಚ್ಚು ವಿಷ ಸೇರಿದ್ದರೆ ಉಸಿರಾಟದ ಸ್ನಾಯುಗಳೇ ನಿಲ್ಲುತ್ತವೆ. ಇದಕ್ಕೆ ಮದ್ದು ಅಂತ ಇಲ್ಲ, ಆದರೆ ಆಸ್ಪತ್ರೆಯಲ್ಲಿ ವೆಂಟಿಲೇಟರ್ ಮೇಲೆ ಉಸಿರು ಹಿಡಿದಿಟ್ಟರೆ ವಿಷ ಮೂತ್ರದಲ್ಲಿ ಹೊರಗೆ ಹೋಗುತ್ತದೆ, ಮೊದಲ ದಿನ ದಾಟಿದವರು ಸಾಮಾನ್ಯವಾಗಿ ಪೂರ್ತಿ ಚೇತರಿಸಿಕೊಳ್ಳುತ್ತಾರೆ. ಹಾಗಾಗಿ ತುಟಿ ಜುಮ್ಮೆಂದ ಕೂಡಲೇ ಹೊರಡಿ. ಗ್ಯಾಸ್ಟ್ರಿಕ್ ಇರಬೇಕು ಅಂತ ಮಜ್ಜಿಗೆ ಕುಡಿದು ಮಲಗಬೇಡಿ. ಚಿಪ್ಪು ತಿಂದದ್ದನ್ನು ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳಿ, ಉಳಿದ ಸಾರು ಇದ್ದರೆ ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ.

ಹಾಗಾದರೆ ಬಿಟ್ಟೇಬಿಡಬೇಕಾ? ಬೇಡ. ತಲೆತಲಾಂತರದಿಂದ ತಿಂದುಕೊಂಡು ಬಂದ ಒಳ್ಳೆಯ ಆಹಾರ ಅದು, ನದಿಯಲ್ಲಿ ಸೊಂಟದ ಮಟ್ಟ ನೀರಿನಲ್ಲಿ ನಿಂತು ತೆಗೆಯುವವರ ಹೊಟ್ಟೆಪಾಡೂ ಹೌದು. ಬಣ್ಣ ಪೂರ್ತಿ ನಂಬುವ ಗುರುತಲ್ಲ, ಆದರೂ ಸುತ್ತಮುತ್ತ ನೀರು ಬಣ್ಣ ತಿರುಗಿದಾಗ, ಮೀನು ಸತ್ತಾಗ, ಯಾರಿಗಾದರೂ ಚಿಪ್ಪು ತಿಂದು ಹೀಗಾಯಿತು ಅಂತ ಕೇಳಿದಾಗ ಕೆಲವು ವಾರ ನಿಲ್ಲಿಸಿ. ಚಿಪ್ಪಿನಿಂದ ವಿಷ ಇಳಿಯಲು ವಾರಗಟ್ಟಲೆ ಬೇಕು, ಒಂದು ರಾತ್ರಿ ಶುದ್ಧ ನೀರಿನಲ್ಲಿ ಹಾಕಿಟ್ಟರೆ ಸಾಲದು.

ಉಳಿದದ್ದನ್ನು ಒಬ್ಬೊಬ್ಬ ಗೃಹಿಣಿಯ ತಲೆಗೆ ಕಟ್ಟುವುದು ನ್ಯಾಯ ಅಲ್ಲ. ಫಿಲಿಪ್ಪೀನ್ಸ್ ನೋಡಿ. ಅಲ್ಲಿ 1983ರಲ್ಲಿ ಸಮಾರ್ ದ್ವೀಪದ ಕಡೆ ಪೈರೋಡಿನಿಯಂ ಎಂಬ ಪಾಚಿಯಿಂದ ಇದೇ ವಿಷ ಮೊದಲ ಸಲ ಕಂಡಿತು, ಆಮೇಲೆ ಊರೂರಿಗೆ ಹಬ್ಬಿತು. ಈಗ ಅಲ್ಲಿನ ಮೀನುಗಾರಿಕೆ ಇಲಾಖೆ ಚಿಪ್ಪಿನ ಮಾಂಸ ಪರೀಕ್ಷೆ ಮಾಡಿ, ಯಾವ ಕೊಲ್ಲಿಯ ಚಿಪ್ಪು ತಿನ್ನಬಾರದು ಅಂತ ಹೆಸರು ಹಿಡಿದು ಪ್ರಕಟಣೆ ಕೊಡುತ್ತದೆ. ಅಲ್ಲಿನ ಮೀನು, ಏಡಿ, ದೊಡ್ಡ ಸಿಗಡಿ ಕರುಳು ತೆಗೆದು ತೊಳೆದು ತಿನ್ನಬಹುದು ಅಂತಲೂ ಅದರಲ್ಲೇ ಬರೆದಿರುತ್ತದೆ. ಹಾಗಾಗಿ ಇಡೀ ಮಾರುಕಟ್ಟೆ ಮುಚ್ಚಬೇಕಾಗಿಲ್ಲ. ಒಂದು ಕಿಲೋ ಮಾಂಸದಲ್ಲಿ ಈ ವಿಷ 0.8 ಮಿಲಿಗ್ರಾಂ ದಾಟಬಾರದು ಎಂಬುದು ಅಂತರರಾಷ್ಟ್ರೀಯ ಮಿತಿ. ಅಳೆಯುವ ವಿಧಾನಗಳಿವೆ, ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜೂ ಇದೆ. ನೇತ್ರಾವತಿ, ಸ್ವರ್ಣಾ, ಶರಾವತಿ, ಕಾಳಿ ಅಳಿವೆಗಳಲ್ಲಿ ಮಾಂಸದ ಪರೀಕ್ಷೆ ವಾರ ವಾರ ನಡೆದು ಫಲಿತಾಂಶ ಕನ್ನಡ, ತುಳು, ಕೊಂಕಣಿ, ಬ್ಯಾರಿಯಲ್ಲಿ ಮಾರುಕಟ್ಟೆಯ ಬಾಗಿಲಲ್ಲೇ ತೂಗಬೇಕು. ಇದನ್ನು ಪಂಚಾಯಿತಿಯಲ್ಲಿ ಕೇಳಿ, ಶಾಸಕರಲ್ಲಿ ಕೇಳಿ.

ಪ್ರಶ್ನೆ: ನಾವು ಭದ್ರಾ ನಾಲೆಯ ಕೆಳಗೆ ಭತ್ತ ಬೆಳೆಯುವವರು. ಕಡಲು ಕೆಡಲು ರೈತರ ಯೂರಿಯಾವೇ ಕಾರಣ ಅಂತ ಟಿವಿಯಲ್ಲಿ ಹೇಳಿದರು. ನಮ್ಮ ಗೊಬ್ಬರ ಮಂಗಳೂರಿನ ಕಡಲಿಗೆ ಹೇಗೆ ಹೋಗುತ್ತೆ ಸ್ವಾಮಿ?
– ರೈತರು, ದಾವಣಗೆರೆ ಜಿಲ್ಲೆ

ಉತ್ತರ: ಹೋಗುವುದಿಲ್ಲ. ನಿಮ್ಮ ಗದ್ದೆಯ ನೀರು ತುಂಗಭದ್ರೆ ಸೇರಿ, ಅಲ್ಲಿಂದ ಕೃಷ್ಣೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಮಲ್ಪೆಯ ಕಡಲಿಗೆ ಬೀಳುವುದು ಘಟ್ಟದ ಪಶ್ಚಿಮಕ್ಕೆ ಇಳಿಯುವ ಹೊಳೆಗಳ ನೀರು. ಅಲ್ಲಿ ಗೊಬ್ಬರಕ್ಕಿಂತ ಪಟ್ಟಣಗಳ ಕೊಳಚೆಯೇ ನನಗೆ ಹೆಚ್ಚು ಚಿಂತೆಯ ವಿಷಯ, ಅದರಲ್ಲೂ ನೀರು ಹೆಚ್ಚು ಹರಿಯದ ಬೇಸಿಗೆಯ ಅಳಿವೆಗಳಲ್ಲಿ.

ಆದರೂ ಯೂರಿಯಾದ ಮಾತು ಪೂರ್ತಿ ಸುಳ್ಳಲ್ಲ. ಹಾಕಿದ ಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಭತ್ತಕ್ಕೆ ಸಿಗದೇ ಗಾಳಿಗೆ, ನೀರಿಗೆ ಹೋಗುತ್ತದೆ. ಕಡಲಿಗಿಂತ ಮೊದಲು ಅದು ನಿಮ್ಮ ಬೋರ್‌ವೆಲ್ ಸೇರುತ್ತದೆ, ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು, ಒಮ್ಮೆ ಪರೀಕ್ಷೆ ಮಾಡಿಸಿ. ತುಂಗಭದ್ರಾ ಜಲಾಶಯದ ನೀರು ಹಸಿರು ತಿರುಗಿದ ಸುದ್ದಿಯನ್ನೂ ನೀವು ಕೇಳಿರುತ್ತೀರಿ. ಇದರಲ್ಲಿ ರೈತರನ್ನು ಮಾತ್ರ ದೂರುವುದು ತಪ್ಪು. 45 ಕಿಲೋ ಯೂರಿಯಾ ಮೂಟೆ ತೆರಿಗೆ, ಬೇವಿನ ಲೇಪನದ ಖರ್ಚು ಬಿಟ್ಟು 242 ರೂಪಾಯಿಗೆ ಸಿಗುವಾಗ, ಬೇರೆ ಗೊಬ್ಬರ ಅದರ ಎಷ್ಟೋ ಪಟ್ಟು ಬೆಲೆ ಇರುವಾಗ ಯಾರಾದರೂ ಯೂರಿಯಾವನ್ನೇ ಜಾಸ್ತಿ ಹಾಕುತ್ತಾರೆ, ಅಲ್ವಾ?

ಎಷ್ಟು ಪೋಷಕಾಂಶ ಕಡಲಿಗೆ ಬಿತ್ತು ಎಂಬುದರಷ್ಟೇ ಯಾವುದು ಬಿತ್ತು ಎಂಬುದೂ ಮುಖ್ಯ. ನೆಲಕ್ಕೆ ಬರೀ ಸಾರಜನಕ ಸುರಿದರೆ ಏನಾಗುತ್ತದೆ ಎಂಬುದು ನಿಮಗೆ ಗೊತ್ತಿದೆ, ಪೈರು ಹಸಿರಾಗಿ ಎದ್ದು ಮಲಗಿಬಿಡುತ್ತದೆ. ಕಡಲಿಗೂ ಅದರದ್ದೇ ಲೆಕ್ಕ ಇದೆ. ಕಡಲ ಪಾಚಿ ಸರಾಸರಿಯಲ್ಲಿ 1 ರಂಜಕದ ಪರಮಾಣುವಿಗೆ 16 ಸಾರಜನಕ ತೆಗೆದುಕೊಳ್ಳುತ್ತದೆ, ಡಯಾಟಮ್‌ಗಳಿಗೆ ಅದರ ಜೊತೆ ಹೆಚ್ಚುಕಡಿಮೆ ಅಷ್ಟೇ ಸಿಲಿಕ ಬೇಕು, ಯಾಕೆಂದರೆ ಅವುಗಳ ಕವಚವೇ ಸಿಲಿಕದ್ದು. ಸಿಲಿಕ ಬರುವುದು ಬಂಡೆ ಸವೆದು, ನದಿಯಲ್ಲಿ. ನಾವು ಅಣೆಕಟ್ಟು ಕಟ್ಟಿದ ಕಡೆ ಅದರ ಒಂದು ಪಾಲು ಜಲಾಶಯದ ತಳದಲ್ಲೇ ಕೂರುತ್ತದೆ. ಕೊಳಚೆ, ಗೊಬ್ಬರಗಳಿಂದ ಸಾರಜನಕ, ರಂಜಕ ಏರುತ್ತವೆ, ಸಿಲಿಕ ಏರುವುದಿಲ್ಲ. ಆಗ ಬೂತಾಯಿಗೆ ಬೇಕಾದ ಡಯಾಟಮ್ ಹಿಂದೆ ಬೀಳುತ್ತದೆ, ಸಿಲಿಕ ಬೇಡದ ಬೇರೆ ಪಾಚಿಗಳಿಗೆ ಜಾಗ ಸಿಗುತ್ತದೆ. ವಿಷದ ಜಾತಿಗಳು ಹೆಚ್ಚಾಗಿ ಆ ಗುಂಪಿನಲ್ಲೇ ಇವೆ.

ಸುರಿಯುವುದನ್ನು ನಿಲ್ಲಿಸಿದರೆ ಕಡಲು ಸುಧಾರಿಸುತ್ತದೆ ಎಂಬುದಕ್ಕೂ ಸಾಕ್ಷಿ ಇದೆ. ಹವಾಯಿಯ ಓಹು ದ್ವೀಪದಲ್ಲಿ ಕನೇಓಹೆ ಎಂಬ ಕೊಲ್ಲಿ, ಹವಳದ ಜಾಗ. ಅದರೊಳಗೆ ವರ್ಷಗಟ್ಟಲೆ ಕೊಳಚೆ ಬಿಟ್ಟರು, ನೀರು ಹಸಿರಾಯಿತು, ಪಾಚಿ ಹವಳವನ್ನು ಮುಚ್ಚಿತು. 1977-78ರಲ್ಲಿ ಕೊಳಚೆಯನ್ನು ಅಲ್ಲಿಂದ ತಿರುಗಿಸಿ ಹೊರಗಿನ ಆಳ ಕಡಲಿಗೆ ಕೊಂಡೊಯ್ದರು. ನೀರಿನ ಪಾಚಿ ಕೆಲವೇ ತಿಂಗಳಲ್ಲಿ ಇಳಿಯಿತು, ಹವಳದ ಮೇಲಿನದು ಹೋಗಲು ಮಾತ್ರ ಬಹಳ ವರ್ಷ ಹಿಡಿಯಿತು.

ನಿಮ್ಮ ಮಟ್ಟಿಗೆ ಮಣ್ಣು ಪರೀಕ್ಷೆ ಮಾಡಿಸಿ ಅಷ್ಟೇ ಹಾಕಿ, ಒಂದೇ ಸಲ ಸುರಿಯದೆ ಕಂತಿನಲ್ಲಿ ಹಾಕಿ, ದೊಡ್ಡ ಮಳೆಯ ಮುನ್ಸೂಚನೆ ಇದ್ದರೆ ಎರಡು ದಿನ ತಡೆಯಿರಿ. ದುಡ್ಡೂ ಉಳಿಯುತ್ತದೆ.

ಪ್ರಶ್ನೆ: ನಾವು ಕುಡಿಯುವುದೇ ಕಡಲ ನೀರು ಸಿಹಿ ಮಾಡಿದ್ದು. ಪಾಚಿ ಬಂದರೆ ಇಲ್ಲಿ ಏನಾಗುತ್ತೆ?
– ಕುಂದಾಪುರದವರು, ಈಗ ಶಾರ್ಜಾ

ಉತ್ತರ: ಆಗಿದ್ದೇ ಇದೆ. 2008ರಲ್ಲಿ ಶುರುವಾಗಿ 2009ಕ್ಕೂ ಮುಂದುವರಿದು, 8 ತಿಂಗಳಿಗಿಂತ ಹೆಚ್ಚು ಕಾಲ ಕೋಕ್ಲೋಡಿನಿಯಂ ಎಂಬ ಪಾಚಿ ಒಮಾನ್‌ನಿಂದ ಎಮಿರೇಟ್ಸ್‌ವರೆಗೆ ಹಬ್ಬಿತ್ತು. ಟನ್‌ಗಟ್ಟಲೆ ಮೀನು ಸತ್ತಿತು, ಹವಳ ಹಾಳಾಯಿತು, ಸೋಸುವ ಪೊರೆಗಳು ಕಟ್ಟಿಕೊಳ್ಳುತ್ತವೆ ಅಂತ ಕೆಲವು ಸಿಹಿನೀರಿನ ಘಟಕಗಳನ್ನೇ ಮುಚ್ಚಬೇಕಾಯಿತು. ಹಡಗುಗಳು ಸಮತೋಲಕ್ಕೆ ತುಂಬಿಕೊಂಡು ಹೋಗಿ ಅಲ್ಲಿ ಚೆಲ್ಲುವ ನೀರಿನಲ್ಲಿ ಆ ಪಾಚಿ ಬಂದಿರಬಹುದು ಎಂಬುದು ಸಂಶೋಧಕರ ಒಂದು ಊಹೆ. ನಲ್ಲಿಯ ನೀರಿನ ಬಗ್ಗೆ ಗಾಬರಿ ಬೇಡ, ಪೊರೆ ದಾಟಿ ಪಾಚಿ ಬರುವುದಿಲ್ಲ, ಅದರ ವಿಷವೂ ಬಹುಪಾಲು ಅಲ್ಲೇ ನಿಲ್ಲುತ್ತದೆ. ನೀರು ಕಡಿಮೆ ಬೀಳುವುದೇ ಅಲ್ಲಿನ ಕಷ್ಟ.

ಪ್ರಶ್ನೆ: ಕಡಲು ಕೆಂಪಾದರೆ ಔಷಧ ಸಿಂಪಡಿಸಿ ಸಾಯಿಸಬಾರದಾ? ಮತ್ತೆ, ಬಣ್ಣ ಕಂಡರೆ ನಾವು ಯಾರಿಗೆ ಹೇಳಬೇಕು?
– ಪಿಯುಸಿ ವಿದ್ಯಾರ್ಥಿನಿ, ಕಾರವಾರ

ಉತ್ತರ: 1957ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ವಿಮಾನದಿಂದ ಮೈಲುತುತ್ತು ಸಿಂಪಡಿಸಿ ನೋಡಿದರು. ಕೆಲವು ದಿನ ಕಡಿಮೆಯಾಗಿ ಪಾಚಿ ಮತ್ತೆ ಬಂತು, ಮೈಲುತುತ್ತು ಬೇರೆ ಜೀವಿಗಳಿಗೂ ವಿಷ. ಕೊರಿಯಾದಲ್ಲಿ 1990ರ ದಶಕದಿಂದ ಮೀನಿನ ಪಂಜರಗಳ ಸುತ್ತ ಜೇಡಿಮಣ್ಣು ಚೆಲ್ಲಿ ಪಾಚಿಯನ್ನು ತಳಕ್ಕೆ ಇಳಿಸುತ್ತಾರೆ. ಸಣ್ಣ ಜಾಗಕ್ಕೆ ಅದು ಸರಿ, ತೆರೆದ ಕಡಲಿಗೆ ಆಗದ ಮಾತು.

ನಿನ್ನ ಎರಡನೇ ಪ್ರಶ್ನೆ ತುಂಬಾ ಒಳ್ಳೆಯದು ಮಗೂ. ಕಡಲಿನ ಮಾಹಿತಿ ಕೊಡುವ ಕೇಂದ್ರ ಸರ್ಕಾರದ ಇನ್‌ಕಾಯ್ಸ್ ಸಂಸ್ಥೆ ಹೈದರಾಬಾದಿನಲ್ಲಿದೆ, ಅದು ಉಪಗ್ರಹದಿಂದ ಪಾಚಿ ಹಬ್ಬಿದ್ದನ್ನು ಗಮನಿಸುತ್ತದೆ, ಆದರೆ ಮೋಡ ಕವಿದಾಗ ಉಪಗ್ರಹಕ್ಕೆ ನೀರಿನ ಬಣ್ಣ ಕಾಣುವುದಿಲ್ಲ, ವಿಷ ಇದೆಯೋ ಇಲ್ಲವೋ ಅಂತೂ ಮೇಲಿನಿಂದ ತಿಳಿಯುವುದೇ ಇಲ್ಲ. ದಡದಲ್ಲಿರುವ ನಿಮ್ಮಂಥವರ ಕಣ್ಣು ಬೇಕು. ಬಣ್ಣ ಕಂಡ ದಿನ, ಹೊತ್ತು, ಜಾಗ ಬರೆದುಕೋ, ಫೋಟೋ ತೆಗೆ. ತೊಳೆದ ಬಾಟಲಿಯಲ್ಲಿ ಆ ನೀರು ತುಂಬು, ನೆರಳಲ್ಲಿ ತಂಪಾಗಿಡು, ಫ್ರೀಜರ್‌ಗೆ ಹಾಕಬೇಡ, ಅಲ್ಲಿ ಕೋಶಗಳು ಒಡೆದು ಜಾತಿ ಗುರುತಿಸಲು ಆಗುವುದಿಲ್ಲ. ಅದೇ ದಿನ ಮೀನುಗಾರಿಕೆ ಇಲಾಖೆಗೆ, ಇಲ್ಲವೇ ನಿಮ್ಮ ಊರಲ್ಲೇ ಇರುವ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕಚೇರಿಗೆ ಮುಟ್ಟಿಸು. ಮಂಗಳೂರಿನಲ್ಲೂ ಅದರ ಕೇಂದ್ರ ಇದೆ.