ಚೀನಾದ ಕಥೆಯ ನೇಕಾರ ಹುಡುಗಿ ಮತ್ತು ದನಗಾಹಿ ವರ್ಷಕ್ಕೆ ಒಂದೇ ರಾತ್ರಿ ಸೇರುವುದು ಯಾಕೆ?

ಕಥೆಯ ಪ್ರಕಾರ ಅದು ದೇವಲೋಕದ ಕಟ್ಟಳೆ. ದೇವಲೋಕದ ನೇಕಾರ ಹುಡುಗಿ ಝಿನ್ಯು ಭೂಮಿಯ ದನಗಾಹಿ ನ್ಯೂಲಾಂಗ್‌ನನ್ನು ಮದುವೆಯಾದಳು. ಸಿಟ್ಟಾದ ದೇವರಾಣಿ ತಲೆಯ ಹೇರ್‌ಪಿನ್ ತೆಗೆದು ಆಕಾಶದಲ್ಲಿ ಗೀಟು ಎಳೆದಳು. ಆ ಗೀಟೇ ಇಬ್ಬರ ನಡುವೆ ಹರಿಯುವ ನದಿಯಾಯಿತು. ಆಮೇಲೆ ಮನಸ್ಸು ಕರಗಿ, ಏಳನೇ ಚಾಂದ್ರಮಾನ ತಿಂಗಳ ಏಳನೇ ರಾತ್ರಿ ಮಾತ್ರ ಸೇರಲು ಬಿಟ್ಟಳು.

ಆದರೆ ಈ ಕಥೆಯ ಬೇರು ಆಕಾಶದಲ್ಲೇ ಇದೆ. ಆ ನದಿ ಅಂದರೆ ನಮ್ಮ ಆಕಾಶಗಂಗೆ. ಅವಳು ಒಂದು ದಡದ ಅಭಿಜಿತ್ ನಕ್ಷತ್ರ, ಅವನು ಇನ್ನೊಂದು ದಡದ ಶ್ರವಣ. ಏಳನೇ ತಿಂಗಳು ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ಬರುತ್ತದೆ. ಆಗ ಸಂಜೆ ಕತ್ತಲಾದ ಮೇಲೆ ಎರಡೂ ಎತ್ತರದಲ್ಲಿ ಹೊಳೆಯುತ್ತವೆ, ನಡುವೆ ಬಿಳಿ ಪಟ್ಟಿ ಹಾದುಹೋಗುತ್ತದೆ. ಸಪ್ತಮಿಯ ಅರ್ಧಚಂದ್ರ ನಡುರಾತ್ರಿಯ ಹೊತ್ತಿಗೆ ಮುಳುಗಿದರೆ ಆ ಪಟ್ಟಿ ಇನ್ನೂ ಚೆನ್ನಾಗಿ ಕಾಣುತ್ತದೆ.

ಶ್ರವಣದ ಎರಡೂ ಪಕ್ಕ ಒಂದೊಂದು ಚಿಕ್ಕ ನಕ್ಷತ್ರ ಇದೆ, ನೋಡಿ. ಅವು ಅವನು ಅಡ್ಡೆಯಲ್ಲಿ ಹೊತ್ತ ಇಬ್ಬರು ಮಕ್ಕಳಂತೆ. ನನಗೆ ಕರುಳು ಚುರ್ ಅನ್ನುವುದು ಅಲ್ಲೇ.

ನಿಜದಲ್ಲಿ ನಕ್ಷತ್ರಗಳು ಆ ರಾತ್ರಿ ಹತ್ತಿರ ಬರುವುದಿಲ್ಲ. ನಡುವಿನ ದೂರ ಸುಮಾರು 15 ಜ್ಯೋತಿರ್ವರ್ಷ, ಅಂದರೆ ಒಂದು ದಡದ ಬೆಳಕು ಇನ್ನೊಂದಕ್ಕೆ ಮುಟ್ಟಲು 15 ವರ್ಷ ಬೇಕು. ಅದಕ್ಕೇ ಕಥೆಯಲ್ಲಿ ಮ್ಯಾಗ್‌ಪೈ ಹಕ್ಕಿಗಳು, ಅಂದರೆ ಕಾಗೆಯ ಬಳಗದ ಕಪ್ಪು-ಬಿಳಿ ಹಕ್ಕಿಗಳು, ರೆಕ್ಕೆಗೆ ರೆಕ್ಕೆ ಜೋಡಿಸಿ ಸೇತುವೆ ಕಟ್ಟುತ್ತವೆ. ಆ ರಾತ್ರಿ ಮಳೆ ಹನಿದರೆ ಅದು ಅವರ ಕಣ್ಣೀರು ಅಂತ ಜನ ಹೇಳುತ್ತಾರೆ.