ಆಪರೇಷನ್‌ಗೆ ಮುಂಚೆ ಮಗುವಿಗೆ ಕೊಡೋಕೆ ಮಿಡಜೋಲಮ್ ಒಳ್ಳೇದಾ, ಡೆಕ್ಸ್‌ಮೆಡೆಟೊಮಿಡಿನ್ ಒಳ್ಳೇದಾ?

ನಾಲ್ಕು ವರ್ಷದ ಮಗನಿಗೆ ಟಾನ್ಸಿಲ್ ಆಪರೇಷನ್ ಇದೆ, ಆಸ್ಪತ್ರೆಯವರು ಮಿಡಜೋಲಮ್ ಕುಡಿಸ್ತೀವಿ ಅಂದಿದ್ದಾರೆ, ಮೂಗಿಗೆ ಹಾಕೋ ಡೆಕ್ಸ್‌ಮೆಡೆಟೊಮಿಡಿನ್ ಇನ್ನೂ ಒಳ್ಳೇದಂತೆ, ಯಾವುದನ್ನು ಕೇಳಲಿ ಅಂತ ಬರೆದಿದ್ದೀರಿ. ನಾನು ಅನಸ್ತೇಷಿಯಾ ಡಾಕ್ಟರ್. ಎರಡೂ ಆಪರೇಷನ್‌ಗೆ ಮುಂಚೆ ಮಗುವನ್ನು ಶಾಂತ ಮಾಡೋಕೆ, ಮಂಪರು ಬರಿಸೋಕೆ ಕೊಡೋ ಔಷಧಿಗಳು. ನಿಮ್ಮ ಮಗನ ವಯಸ್ಸಿಗೆ ನನ್ನ ಮೊದಲ ಆಯ್ಕೆ ಡೆಕ್ಸ್‌ಮೆಡೆಟೊಮಿಡಿನ್, ನಾವು ಚಿಕ್ಕದಾಗಿ ಡೆಕ್ಸ್ ಅಂತೀವಿ. ಆದರೆ ಅದಕ್ಕೆ ಸಮಯ ಬೇಕು.

ಮಿಡಜೋಲಮ್ ಬೇಗ ಹಿಡಿಯುತ್ತೆ. ಕೆಜಿಗೆ ಸುಮಾರು 0.5 ಮಿಗ್ರಾಂ ಕುಡಿಸಿದರೆ 20-30 ನಿಮಿಷದಲ್ಲಿ ಮಗು ಅಮ್ಮನ ತೊಡೆ ಮೇಲೇ ಸಡಿಲವಾಗುತ್ತೆ, ಸುಮ್ನೆ ನಗುತ್ತೆ, ಒಳಗೆ ಕರೆದುಕೊಂಡು ಹೋದರೂ ಹೆಚ್ಚು ಅಳಲ್ಲ, ಆಮೇಲೆ ಅದರ ನೆನಪೂ ಅಷ್ಟಾಗಿ ಉಳಿಯಲ್ಲ. ಆದರೆ ವಿಪರೀತ ಕಹಿ. ಎಷ್ಟೋ ಕಡೆ ಇಂಜೆಕ್ಷನ್ನಿನ ಔಷಧಿಯನ್ನೇ ಸಿಹಿ ಸಿರಪ್‌ನಲ್ಲಿ ಬೆರೆಸಿ ಕುಡಿಸುತ್ತಾರೆ. ಮಗು ಅರ್ಧ ಉಗುಳಿಬಿಟ್ಟರೆ ಒಳಗೆ ಎಷ್ಟು ಹೋಯಿತು ಅನ್ನೋದೇ ಗೊತ್ತಾಗಲ್ಲ. ಸೂಜಿ ಇಲ್ಲದ ಸಿರಿಂಜ್‌ನಲ್ಲಿ ಕೆನ್ನೆ ಒಳಭಾಗಕ್ಕೆ ಸ್ವಲ್ಪ ಸ್ವಲ್ಪವೇ ಬಿಟ್ಟರೆ ವಾಸಿ. ಕೆಲವು ಮಕ್ಕಳು ಶಾಂತವಾಗೋ ಬದಲು ರೇಗಾಡುತ್ತಾರೆ, ಅದೂ ಉಂಟು.

ಡೆಕ್ಸ್ ಮೂಗಿಗೆ ಹಾಕಿದರೆ ಉರಿಯಲ್ಲ, ಮಿಡಜೋಲಮ್ ಹಾಕಿದರೆ ಚೆನ್ನಾಗಿ ಉರಿಯುತ್ತೆ. ಕೆಜಿಗೆ 1ರಿಂದ 2 ಮೈಕ್ರೋಗ್ರಾಂ ಸಾಕು, ಅಂದರೆ 16 ಕೆಜಿ ಮಗುವಿಗೆ ಎರಡೂ ಹೊಳ್ಳೆ ಸೇರಿ ಅರ್ಧ ಎಂಎಲ್ ಕೂಡ ಆಗಲ್ಲ. 30-45 ನಿಮಿಷದಲ್ಲಿ ಮಾಮೂಲಿ ನಿದ್ದೆ ತರಹವೇ ಮಲಗುತ್ತೆ. ಉಸಿರಾಟಕ್ಕೆ ಅಷ್ಟು ತೊಂದರೆ ಕೊಡಲ್ಲ, ಆಪರೇಷನ್ ಆದಮೇಲೆ ಎದ್ದಾಗ ಯಾರನ್ನೂ ಗುರುತಿಸದೆ ಕಿರುಚಾಡೋದೂ ಕಡಿಮೆಯಾಗುತ್ತೆ. ಕೊರತೆ ಇಲ್ಲ ಅಂತಲ್ಲ. ಹಾರ್ಟ್ ರೇಟ್ ಇಳಿಯುತ್ತೆ, ನಾವು ನೋಡ್ತಾ ಇರಬೇಕು. ಮಲಗಿದ ಮಗುವನ್ನು ಟ್ರಾಲಿಗೆ ಎತ್ತಿ ಹಾಕುವಾಗ ತಟ್ಟನೆ ಎದ್ದುಬಿಡಬಹುದು. ನೆಗಡಿಯಾಗಿ ಮೂಗು ಕಟ್ಟಿದ್ದರೆ ಸರಿಯಾಗಿ ಹತ್ತಲ್ಲ.

ಟ್ರೈಕ್ಲೋಫಾಸ್ ಸಿರಪ್ ಹೆಸರು ಕೇಳಿರಬಹುದು, ಇಇಜಿ (ಮೆದುಳಿನ ಪರೀಕ್ಷೆ), ಎಕೋ (ಹೃದಯದ ಸ್ಕ್ಯಾನ್) ಮಾಡೋವಾಗ ಮಗು ಮಲಗಲಿ ಅಂತ ಕೊಡ್ತಾರಲ್ಲ, ಅದೇ. ಕುಡಿಸೋದು ಸುಲಭ, ಆದರೆ ನಿಧಾನ, ಮಂಪರು ಬಿಡೋಕೂ ಜಾಸ್ತಿ ಹೊತ್ತು. ಕೆಟಮಿನ್ ಅನ್ನೋ ಇನ್ನೊಂದು ಮಂಪರಿನ ಔಷಧಿಯನ್ನು ಯಾವುದಕ್ಕೂ ಒಗ್ಗದ ಮಗುವಿಗೆ ಇಟ್ಟುಕೊಳ್ಳುತ್ತೇವೆ. ಜೊಲ್ಲು, ವಾಂತಿ ಜಾಸ್ತಿ.

ನಿಮ್ಮ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದದ್ದು ಗೊರಕೆ. ರಾತ್ರಿ ಜೋರಾಗಿ ಗೊರಕೆ ಹೊಡೆದು ಮಧ್ಯೆ ಉಸಿರು ನಿಲ್ಲಿಸಿದ ಹಾಗೆ ಆಗುತ್ತಾ? ಹಾಗಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಅಂಥ ಮಗುವಿಗೆ ಯಾವ ನಿದ್ದೆ ಔಷಧಿ ಆದರೂ ಡೋಸ್ ಕಡಿಮೆ ಮಾಡ್ತೀವಿ, ಕೆಲವೊಮ್ಮೆ ಕೊಡೋದೇ ಇಲ್ಲ, ಅಪ್ಪ ಅಥವಾ ಅಮ್ಮನನ್ನೇ ಜೊತೆಗೆ ಒಳಗೆ ಬಿಟ್ಟುಕೊಂಡು ಅನಸ್ತೇಷಿಯಾ ಗ್ಯಾಸಿನ ಮಾಸ್ಕ್ ಇಡ್ತೀವಿ. ಮನೆಯಲ್ಲೇ ಏನಾದರೂ ಕುಡಿಸಿ ಕರೆತರಬೇಡಿ, ದಯವಿಟ್ಟು. ವಾರ್ಡ್‌ನಲ್ಲಿ ಔಷಧಿ ಕೊಟ್ಟಮೇಲೆ ಬೆರಳಿಗೆ ಆಕ್ಸಿಜನ್ ನೋಡೋ ಕ್ಲಿಪ್ ಹಾಕಿ ಒಬ್ಬ ಸಿಸ್ಟರ್ ಪಕ್ಕದಲ್ಲೇ ಇರ್ತಾರಾ ಅಂತ ಕೇಳಿಕೊಳ್ಳಿ. ಎಷ್ಟು ಹೊತ್ತಿಗೆ ಕೊಡ್ತೀರಿ ಅಂತಲೂ ಕೇಳಿ. ಥಿಯೇಟರ್‌ಗೆ ಕರೆಯೋಕೆ ಹತ್ತೇ ನಿಮಿಷ ಮುಂಚೆ ಅಂದರೆ ಡೆಕ್ಸ್ ಕೊಟ್ಟೂ ಪ್ರಯೋಜನ ಇಲ್ಲ, ಮಿಡಜೋಲಮ್ ಕೊಟ್ಟೂ ಪ್ರಯೋಜನ ಇಲ್ಲ.