ನಿಂತರೆ ಕಾಣುತ್ತದೆ, ಕೂತರೆ ಕಾಣುವುದಿಲ್ಲ

ತುಮಕೂರಿನಲ್ಲಿ ನನ್ನ ಹತ್ತಿರ ಆಪ್ತಸಲಹೆಗೆ ಬರುವವರಲ್ಲಿ ಪರದೆ ಮುಂದೆ ಶಿಫ್ಟ್ ಮಾಡುವವರು ಈಗೀಗ ಜಾಸ್ತಿ. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಪಾವಗಡದ ಸೋಲಾರ್ ಪಾರ್ಕ್ ಒಂದೇ 2,050 ಮೆಗಾವಾಟ್‌ನದು. ಅದರ ಜೊತೆಗೆ ವಿದ್ಯುತ್ ಸಬ್‌ಸ್ಟೇಷನ್‌ಗಳು, ನೀರಿನ ಪಂಪ್‌ಹೌಸ್‌ಗಳು, ವಸಂತನರಸಾಪುರದ ಕಾರ್ಖಾನೆಗಳು. ಇಂಥ ಕಡೆಯೆಲ್ಲ ರಾತ್ರಿಯಿಡೀ ಯಾರಾದರೊಬ್ಬರು ಪರದೆ ನೋಡುತ್ತ ಎಚ್ಚರವಾಗಿರಬೇಕು. ಅವರು ಹೇಳುವ ಕಷ್ಟವೂ ಹೆಚ್ಚುಕಡಿಮೆ ಒಂದೇ. ಸಿಟ್ಟು, ತಲೆನೋವು, ನಿದ್ದೆ ಇಲ್ಲ, ಕೆಲಸ ಬಿಟ್ಟುಬಿಡೋಣ ಅನ್ನಿಸುತ್ತದೆ. ಮನೆಯವರು ಪಕ್ಕದಲ್ಲಿ ಕೂತು, "ತಲೆಗೆ ಏನೋ ಹಚ್ಕೊಂಡಿದ್ದಾರೆ ಮೇಡಂ" ಅನ್ನುತ್ತಾರೆ.

ಇಂಥ ಪ್ರಕರಣಗಳಲ್ಲಿ ಒಂದನ್ನು ಗುರುತು ಸಿಗದ ಹಾಗೆ ವಿವರ ಬದಲಿಸಿ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಇದೆ.

ವಯಸ್ಸು 46. ಜಿಲ್ಲೆಯ ಒಂದು ಕಾರ್ಖಾನೆಯ ಬಾಯ್ಲರ್ ಕಂಟ್ರೋಲ್ ರೂಮಿನಲ್ಲಿ ಆಪರೇಟರ್. ಮೂರು ಶಿಫ್ಟ್, ವಾರಕ್ಕೊಮ್ಮೆ ಬದಲು. ಕುಡಿತ ಇಲ್ಲ, ದೊಡ್ಡ ಸಾಲ ಇಲ್ಲ. ಕರೆದುಕೊಂಡು ಬಂದವರು ಹೆಂಡತಿ. ಮನೆಯಲ್ಲಿ ಊಟಕ್ಕೂ ನೆಟ್ಟಗೆ ಕೂರುವುದಿಲ್ಲ, ಮಾತಾಡಿಸಿದರೆ ಗದ್ದ ಮೇಲೆತ್ತಿ ಗತ್ತಿನಿಂದ ನೋಡುತ್ತಾರೆ ಎಂಬುದು ಅವರ ದೂರು. ಅಷ್ಟರಲ್ಲಿ ಕಾರ್ಖಾನೆಯಿಂದ ಒಂದು ಮೆಮೊ ಬೇರೆ ಬಂದಿತ್ತು: ರಾತ್ರಿ ಶಿಫ್ಟ್‌ನಲ್ಲಿ ಪದೇ ಪದೇ ಸೀಟಿನಿಂದ ಏಳುತ್ತಾರೆ, ಗಮನ ಸಾಲದು. ಕ್ಯಾಮೆರಾದಲ್ಲಿ ನೋಡಿ ಬರೆದದ್ದು. "ನನಗೆ ಹುಚ್ಚು ಹಿಡೀತಾ ಇದ್ಯಾ ಮೇಡಂ?" ಎಂದು ಅವರು ನಿಜವಾಗಿ ಕೇಳಿದರು.

ಮೊದಲ ಭೇಟಿಯಲ್ಲಿ ಎಲ್ಲರಿಗೂ ಕೇಳುವ ಒಂದು ಪ್ರಶ್ನೆ ಕೇಳಿದೆ. ರಜೆಯಲ್ಲಿ ಹೇಗಿರುತ್ತೀರಿ? ಮಧುಗಿರಿ ಕಡೆ ಊರಿಗೆ ಹೋದರೆ ಎರಡು ದಿನ ಕಳೆದ ಮೇಲೆ ಪರವಾಗಿಲ್ಲ ಅಂದರು. ಹೆಂಡತಿ ಒಪ್ಪಲಿಲ್ಲ. "ಅಲ್ಲಿ ಕೆಲ್ಸ ಇಲ್ವಲ್ಲ, ಆರಾಮಾಗಿರ್ತಾರೆ" ಅಂದರು. ಅದೂ ಸರಿಯೇ. ಆದರೆ ಮನಸ್ಸಿನ ಭಾರ ಊರಿನ ಬಸ್ಸು ಹತ್ತಿದ ತಕ್ಷಣ ಇಳಿಯುವಂಥದ್ದಲ್ಲ. ಎರಡು ದಿನದಲ್ಲಿ ಇಳಿಯುತ್ತದೆ ಅಂದರೆ ಕೆಲಸದ ಜಾಗವನ್ನು ಒಮ್ಮೆ ವಿಚಾರಿಸಲೇಬೇಕು.

ಮೂರನೆಯ ಭೇಟಿಗೆ ಅವರು ರಾತ್ರಿ ಶಿಫ್ಟ್ ಮುಗಿಸಿ ನೇರ ಬಂದಿದ್ದರು. ಕುತ್ತಿಗೆ ತಿರುಗಿಸಲು ಆಗದೆ ಮೈಯನ್ನೇ ತಿರುಗಿಸಿ ಮಾತಾಡುತ್ತಿದ್ದರು. ಸೀಟಿನಿಂದ ಏಳುವಾಗ ಮನಸ್ಸಿಗೆ ಏನು ಬರುತ್ತದೆ ಎಂದು ಕೇಳಿದೆ. ಗಾಬರಿಯಾ? ಎದೆ ಬಡಿತವಾ?

"ಏನೂ ಇಲ್ಲ ಮೇಡಂ. ನಿಂತ್ರೆ ಕಾಣುತ್ತೆ, ಕೂತ್ರೆ ಕಾಣಲ್ಲ."

ಅಷ್ಟು ಹೇಳಿ ಸುಮ್ಮನಾದರು. ಅದೊಂದು ದೊಡ್ಡ ವಿಷಯ ಅಂತ ಅವರಿಗೇ ಅನ್ನಿಸಿರಲಿಲ್ಲ.

ಕೆಲಸದಲ್ಲಿ ಹೇಗೆ ಕೂರುತ್ತೀರೋ ಇಲ್ಲಿ ಹಾಗೇ ಕೂತು ತೋರಿಸಿ ಅಂದೆ. ಗೋಡೆಯ ಕ್ಯಾಲೆಂಡರೇ ಅಲಾರ್ಮ್ ಪರದೆ ಅಂದುಕೊಳ್ಳಿ. ಅವರು ಕುರ್ಚಿ ಎಳೆದುಕೊಂಡರು. ಸೊಂಟವನ್ನು ಕುರ್ಚಿಯ ತುದಿಗೆ ತಂದರು, ಎದೆ ಮುಂದಕ್ಕೆ ಚಾಚಿದರು, ಗದ್ದವನ್ನು ಚಾವಣಿ ಕಡೆ ಎತ್ತಿದರು. ಕನ್ನಡಕದ ಕೆಳಗಿನ ಅರ್ಧಚಂದ್ರದ ಗಾಜಿನಿಂದ ತಿಥಿ ನಕ್ಷತ್ರ ಓದಿದರು. ಎಂಟು ಗಂಟೆ ಹೀಗೇನಾ ಅಂದೆ. "ಹೀಗೇ. ಆಗದೇ ಇದ್ದಾಗ ಎದ್ದು ನಿಲ್ತೀನಿ." ಎದ್ದು ನಿಂತರು. ಗದ್ದ ತಾನಾಗಿಯೇ ಕೆಳಗಿಳಿಯಿತು. ಹೆಂಡತಿ ನೋಡುತ್ತಲೇ ಇದ್ದರು. "ಮನೇಲೂ ಹಿಂಗೇ ನೋಡೋದು" ಅಂದರು. ಈ ಸಲ ಅವರ ದನಿಯಲ್ಲಿ ದೂರು ಇರಲಿಲ್ಲ.

ನನ್ನ ಮೇಜಿನ ಡ್ರಾಯರ್‌ನಲ್ಲಿ ಟೈಲರ್ ಟೇಪ್ ಇರುತ್ತದೆ. ಅದನ್ನು ಕೊಟ್ಟು, ಅಳತೆ ತೆಗೆದುಕೊಂಡು ಬನ್ನಿ ಅಂದೆ. ಒಳಗೆ ಫೋಟೊ ತೆಗೆಯುವಂತಿಲ್ಲ, ಹಾಗಾಗಿ ಕೈಯಲ್ಲೇ ಚಿತ್ರ ಬರೆದುಕೊಂಡು ಬಂದರು. ಕೂತಾಗ ನೆಲದಿಂದ ಕಣ್ಣಿಗೆ ಮೂರು ಅಡಿ ಒಂಬತ್ತು ಇಂಚು. ಅಲಾರ್ಮ್ ಪರದೆಯ ನಡುಮಧ್ಯ ನಾಲ್ಕೂವರೆ ಅಡಿ. ನಿಂತಾಗ ಕಣ್ಣು ಐದು ಅಡಿ ಒಂದು ಇಂಚು. ಇನ್ನೇನು ಹೇಳಬೇಕು? ಕೂತರೆ ಪರದೆ ಕಣ್ಣಿಗಿಂತ ಒಂಬತ್ತು ಇಂಚು ಮೇಲೆ, ನಿಂತರೆ ಏಳು ಇಂಚು ಕೆಳಗೆ. ಹಳೇ ಮೇಜಿನ ಮೇಲೆ ಎರಡು ಮಾನಿಟರ್ ಇದ್ದವಂತೆ. ಆಮೇಲೆ ಇನ್ನೆರಡು ಬಂದಾಗ ಜಾಗ ಸಾಲದೆ ಗೋಡೆಗೆ ಬ್ರಾಕೆಟ್ ಹೊಡೆದು ಮೇಲೆ ಕೂರಿಸಿದರು. ಕ್ಷಣಕ್ಷಣಕ್ಕೂ ನೋಡಬೇಕಾದ ಅಲಾರ್ಮ್ ಪಟ್ಟಿ ಆ ಮೇಲಿನದಕ್ಕೆ ಹೋಯಿತು. ಮೇಜಿನ ಕೆಳಗೆ ಡ್ರಾಯರ್ ಇರುವುದರಿಂದ ಮೊಣಕಾಲು ಒಳಗೆ ಹೋಗುವುದಿಲ್ಲ. ಕುರ್ಚಿ ಎತ್ತರಿಸುವ ಲಿವರ್ ಕೆಟ್ಟು ಎಷ್ಟೋ ದಿನವಾಗಿದೆ. ಲಾಗ್ ಬುಕ್ ತೊಡೆಯ ಮೇಲೆ.

ಇದರ ಮೇಲೆ ಚಾಳೀಸು. ಬೈಫೋಕಲ್ ಕನ್ನಡಕದ ಕೆಳಗಿನ ಗಾಜು ಪುಸ್ತಕ ಹಿಡಿಯುವ ದೂರಕ್ಕೆ, ಅಂದರೆ ಒಂದೂಕಾಲು ಅಡಿ ಆಸುಪಾಸಿಗೆ ಹೊಂದಿಸಿದ್ದು. ಅದೂ ಕಣ್ಣು ಕೆಳಗಿಳಿಸಿ ನೋಡುವವರಿಗೆ. ಎರಡೂವರೆ ಅಡಿ ದೂರದಲ್ಲಿ, ತಲೆಗಿಂತ ಮೇಲಿರುವ ಪರದೆಯನ್ನು ಅದರಲ್ಲಿ ಓದಬೇಕಾದರೆ ಕುತ್ತಿಗೆ ಹಿಂದಕ್ಕೆ, ಮೈ ಮುಂದಕ್ಕೆ ಹೋಗಲೇಬೇಕು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ ಇರಬೇಕು, ದೂರ ಒಂದು ತೋಳಿನಷ್ಟು ಇರಬೇಕು ಎಂಬುದು ಸಾಮಾನ್ಯ ನಿಯಮ. ಬೈಫೋಕಲ್ ಹಾಕುವವರಿಗೆ ಇನ್ನೂ ಕೆಳಗಿದ್ದರೆ ಒಳ್ಳೆಯದು. ಕಂಟ್ರೋಲ್ ರೂಮ್‌ಗಳಿಗೆಂದೇ ಐಎಸ್‌ಒ 11064 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದರ 4ನೇ ಭಾಗ ಪೂರ್ತಿ ಆಪರೇಟರ್ ಕೂರುವ ಜಾಗದ ವಿನ್ಯಾಸ ಮತ್ತು ಅಳತೆಗಳದ್ದೇ.

ನಾನು ಕೊಟ್ಟ ಸಲಹೆ ಇಷ್ಟು. ರಾಜೀನಾಮೆ ಮಾತು ಸದ್ಯಕ್ಕೆ ಬೇಡ. ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ಸುಮ್ನೆ "ಓದೋಕೆ ಕಷ್ಟ" ಅನ್ನಬೇಡಿ. ಕಣ್ಣಿನಿಂದ ಪರದೆಗೆ ಎಷ್ಟು ದೂರ ಎಂದು ಅಳತೆ ಹೇಳಿ, ಅದೇ ದೂರಕ್ಕೆ ಒಂದೇ ಪವರ್‌ನ ಕನ್ನಡಕ ಕೇಳಿ. ಅದನ್ನು ಹಾಕಿಕೊಂಡು ಗಾಡಿ ಮಾತ್ರ ಓಡಿಸಬೇಡಿ. ಬಲಗೈ ಬೆರಳು ಆಗಾಗ ಜೋಮು ಹಿಡಿಯುತ್ತದೆ ಅಂದಿದ್ದರು, ಅದಕ್ಕೆ ಮೂಳೆ ಡಾಕ್ಟರಿಗೆ ತೋರಿಸುವುದನ್ನು ಮುಂದೂಡಬಾರದು. ಮೆಮೊಗೆ ಉತ್ತರವಾಗಿ ಚಿತ್ರ, ಅಳತೆ ಎರಡನ್ನೂ ಲಗತ್ತಿಸಿ. ಮಿಕ್ಕ ಶಿಫ್ಟಿನವರನ್ನೂ ಕೂರಿಸಿ ಅಳೆಯಿರಿ, ಅವರ ಸಹಿಯೂ ಇರಲಿ. ಒಬ್ಬರೇ ಬರೆದರೆ ಅದು ಒಬ್ಬರ ಗೋಳಾಗುತ್ತದೆ. ಬೇಡಿಕೆ ಒಂದೇ ಇರಲಿ: ಅಲಾರ್ಮ್ ಪರದೆ ಕೆಳಗೆ, ನೇರ ಮುಂದಕ್ಕೆ ಬರಲಿ, ಅಪರೂಪಕ್ಕೆ ನೋಡುವುದು ಮೇಲೆ ಹೋಗಲಿ. ಇದಕ್ಕೆ ಖರ್ಚು ಹೆಚ್ಚಿಲ್ಲ.

ಪತ್ರವನ್ನು "ನನಗೆ ನೋವು" ಎಂದು ಶುರು ಮಾಡಬೇಡಿ, "ಅಲಾರ್ಮ್ ತಪ್ಪಿಹೋಗಬಹುದು" ಎಂದು ಶುರು ಮಾಡಿ ಎಂದೂ ಹೇಳಿದೆ. ಇದು ಜಾಣತನದ ಮಾತಲ್ಲ, ನಿಜ. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದಲ್ಲಿ ಅವಘಡ ಶುರುವಾದದ್ದು ಬೆಳಗಿನ ಜಾವ ನಾಲ್ಕರ ಹೊತ್ತಿಗೆ. ಮೊದಲ ಕೆಲವೇ ನಿಮಿಷಗಳಲ್ಲಿ ನೂರಕ್ಕೂ ಹೆಚ್ಚು ಅಲಾರ್ಮ್ ಹೊಡೆದುಕೊಂಡವು. ಅವುಗಳಲ್ಲಿ ಮುಖ್ಯವಾದದ್ದು ಯಾವುದು ಎಂದು ಬೇರ್ಪಡಿಸುವ ದಾರಿ ಆಪರೇಟರ್‌ಗಳಿಗೆ ಇರಲಿಲ್ಲ. ಕೆಲವು ಮುಖ್ಯ ಸೂಚಕಗಳು ಅವರ ಕಣ್ಣಿಗೆ ತಕ್ಷಣ ಬೀಳುವ ಜಾಗದಲ್ಲೂ ಇರಲಿಲ್ಲ. ತನಿಖಾ ಆಯೋಗ ಆಪರೇಟರ್‌ಗಳ ತಪ್ಪಿನ ಜೊತೆಗೆ ಕಂಟ್ರೋಲ್ ರೂಮಿನ ವಿನ್ಯಾಸದ ಕೊರತೆಯನ್ನೂ ಎತ್ತಿ ಹೇಳಿತು. ಬಾಯ್ಲರ್ ಅಣುಸ್ಥಾವರ ಅಲ್ಲ, ಗೊತ್ತು. ಆದರೆ ಬೆಳಗಿನ ಜಾವ ನಾಲ್ಕಕ್ಕೆ ಮನುಷ್ಯನ ಮೈ ಎಲ್ಲ ಕಡೆಯೂ ಒಂದೇ ಥರ ತೂಕಡಿಸುತ್ತದೆ.

ನಮ್ಮ ವೃತ್ತಿಯಲ್ಲೇ ಇರುವ ಒಬ್ಬರು ಇದನ್ನು ಕೇಳಿ, "ಇದು ಬಡಗಿ ಕೆಲಸ, ಆಪ್ತಸಲಹೆ ಅಲ್ಲ" ಅಂದರು. ನನಗೆ ಬೇಜಾರಾಯಿತು, ಆದರೆ ಅಭಿಪ್ರಾಯ ಬದಲಾಗಲಿಲ್ಲ. ಈ ಮನುಷ್ಯನಿಗೆ ಉಸಿರಾಟದ ಅಭ್ಯಾಸ ಹೇಳಿಕೊಟ್ಟು, ಸಹನೆ ಬೆಳೆಸಿಕೊಳ್ಳಿ ಅಂದಿದ್ದರೆ ಏನಾಗುತ್ತಿತ್ತು? ಕೆಟ್ಟ ಕುರ್ಚಿಯನ್ನು ಸಹಿಸಲು ತರಬೇತಿ ಕೊಟ್ಟ ಹಾಗೆ ಆಗುತ್ತಿತ್ತು. ತಪ್ಪು ನಿಮ್ಮೊಳಗೇ ಇದೆ ಎಂದು ಮೆಮೊ ಒಂದು ಕಡೆಯಿಂದ ಹೇಳಿತ್ತು, ನಾನೂ ಇನ್ನೊಂದು ಕಡೆಯಿಂದ ಅದನ್ನೇ ಹೇಳಬೇಕಿತ್ತಾ? ಹಾಗಂತ ಎಲ್ಲವನ್ನೂ ಕುರ್ಚಿಯ ತಲೆಗೆ ಕಟ್ಟಬೇಡಿ. ರಜೆಯಲ್ಲೂ ಮನಸ್ಸು ಕುಗ್ಗಿಯೇ ಇದ್ದರೆ, ಎರಡು ವಾರವಾದರೂ ಯಾವುದೂ ಬೇಡ ಅನ್ನಿಸುತ್ತಿದ್ದರೆ, ಸಾಯುವ ಯೋಚನೆ ಒಂದು ಸಲ ಬಂದರೂ, ಟೇಪ್ ಪಕ್ಕಕ್ಕಿಟ್ಟು ಮನೋವೈದ್ಯರ ಹತ್ತಿರ ಹೋಗಬೇಕು. ಇವರಿಗೆ ಅಂಥದ್ದು ಇಲ್ಲ ಎಂದು ಖಚಿತವಾದ ಮೇಲೆಯೇ ನಾನು ಟೇಪ್ ಕೊಟ್ಟದ್ದು.

ಕನ್ನಡಕ ಬಂದ ಮೇಲೆ ತಲೆನೋವು ಬಹಳ ಕಡಿಮೆಯಾಗಿದೆ. ಅಲಾರ್ಮ್ ಪರದೆ ಕೆಳಗೆ ಬಂದಿದೆ, ಅದನ್ನು ಅಲ್ಲಿನ ಎಲೆಕ್ಟ್ರಿಷಿಯನ್ ಒಂದು ಮಧ್ಯಾಹ್ನದಲ್ಲಿ ಮುಗಿಸಿದರಂತೆ. ಹೊಸ ಕುರ್ಚಿಗೆ ಇಂಡೆಂಟ್ ಹೋಗಿದೆ, ಇನ್ನೂ ಬಂದಿಲ್ಲ. ಡ್ರಾಯರ್ ಹಾಗೇ ಇದೆ. ಮೆಮೊ ವಾಪಸ್ ಪಡೆದಿಲ್ಲ. ರಾತ್ರಿ ಶಿಫ್ಟ್ ಮುಗಿದ ವಾರ ನಿದ್ದೆ ಈಗಲೂ ಕಷ್ಟವೇ, ಅದನ್ನು ನಾವು ಮುಂದಿನ ಭೇಟಿಗೆ ಇಟ್ಟುಕೊಂಡಿದ್ದೇವೆ. ಹೆಂಡತಿಯೂ ಬರುತ್ತೇನೆ ಅಂದಿದ್ದಾರೆ.